ಅಮ್ಮನ ಅಮೆರಿಕ ವೀಸಾ: ಇಂಟರ್‌ವ್ಯೂನಲ್ಲಿ ‘ಬಾಣಂತನಕ್ಕೆ’ ಅನ್ನಬಹುದಾ?

ತೋಟದಮನೆ:
ನಮ್ಮದು ತೀರ್ಥಹಳ್ಳಿ ಹತ್ತಿರ. ಅಕ್ಕ, ಭಾವ ಟೆಕ್ಸಾಸಿನಲ್ಲಿದ್ದಾರೆ. ಅಕ್ಕನ ಹೆರಿಗೆಗೆ ಜನವರಿ ಕೊನೆಗೆ ಡೇಟ್ ಕೊಟ್ಟಿದ್ದಾರೆ. ಅದು ಅಡಿಕೆ ಕೊಯ್ಲಿನ ಸಮಯ, ಅಪ್ಪ ಮನೆ ಬಿಡುವ ಹಾಗಿಲ್ಲ. ಹಾಗಾಗಿ ಅಮ್ಮ ಒಬ್ಬರೇ ಹೊರಟಿದ್ದಾರೆ. ವಯಸ್ಸು 61, ಓದಿದ್ದು ಏಳನೇ ಕ್ಲಾಸು, ಇಂಗ್ಲಿಷ್ ಬರುವುದಿಲ್ಲ.

ಏಜೆಂಟ್ ಒಬ್ಬರು ‘ಬಾಣಂತನ ಅಂದರೆ ಕೆಲಸಕ್ಕೆ ಹೋಗ್ತಿದ್ದಾರೆ ಅಂದ್ಕೊಂಡು ರಿಜೆಕ್ಟ್ ಮಾಡ್ತಾರೆ, ಊರು ನೋಡೋಕೆ ಅನ್ನಿ’ ಎಂದು ಎರಡು ಹಾಳೆ ಪ್ರಶ್ನೋತ್ತರ ಬರೆದುಕೊಟ್ಟಿದ್ದಾರೆ. ಅಮ್ಮ ಒಲೆ ಮುಂದೆ ಕೂತು ಬಾಯಿಪಾಠ ಮಾಡುತ್ತಿದ್ದಾರೆ. ಇದು ಸರಿನಾ? ಪಹಣಿ ಎಲ್ಲ ಕನ್ನಡದಲ್ಲಿದೆ, ಇಂಗ್ಲಿಷಿಗೆ ಮಾಡಿಸಬೇಕಾ? ಬೆಂಗಳೂರಿನಲ್ಲೇ ಕಾನ್ಸುಲೇಟ್ ಆಯಿತಲ್ಲ, ಅಲ್ಲಿ ಆಗಲ್ವಾ?

ಕಲ್ಪತರು ನಾಡಿನವಳು:
ಆ ಹಾಳೆಯನ್ನು ಅದೇ ಒಲೆಗೆ ಹಾಕಿಸಿ ಮೊದಲು. ಸಿಟ್ಟಿನಿಂದ ಹೇಳುತ್ತಿದ್ದೇನೆ, ಯಾಕೆಂದರೆ ಇಂಥದ್ದೇ ಹಾಳೆಗೆ ನಾವು ಒಂದು ಸಲ ವೀಸಾ ಕಳಕೊಂಡಿದ್ದೇವೆ.

2023ರ ಶುರುವಿನಲ್ಲಿ ನನ್ನ ಅಮ್ಮನ ಇಂಟರ್‌ವ್ಯೂ ಇತ್ತು. ತಂಗಿ ಡಲ್ಲಾಸ್ ಹತ್ತಿರ ಇದ್ದಾಳೆ, ಅವಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬರಲಿ ಅಂತ. ನಮ್ಮ ಏಜೆಂಟ್ ಮಹಾಶಯರು ನಯಾಗರ ನೋಡೋಕೆ ಅಂತ ಹೇಳಿಕೊಟ್ಟಿದ್ದರು. ಅಮ್ಮ ಹಾಗೇ ಒಪ್ಪಿಸಿದರು. ಆಫೀಸರ್ ‘ಮಗಳು ಇರುವುದು ಎಲ್ಲಿ?’ ಎಂದರು. ಟೆಕ್ಸಾಸ್. ‘ಅಲ್ಲಿಂದ ನಯಾಗರಕ್ಕೆ ಹೇಗೆ ಹೋಗ್ತೀರಿ?’ ಅಮ್ಮ ‘ಆಟೋದಲ್ಲಿ’ ಅಂದುಬಿಟ್ಟರು! ಟೆಕ್ಸಾಸ್ ದಕ್ಷಿಣದ ತುದಿ, ನಯಾಗರ ಕೆನಡಾ ಗಡಿ. 214(ಬಿ) ಅಂತ ಬರೆದ ಚೀಟಿ ಹಿಡಿದುಕೊಂಡು ಹೊರಗೆ ಬಂದರು. ವಾಪಸ್ ಬರುತ್ತಾರೆ ಅನ್ನುವ ನಂಬಿಕೆ ಬರಲಿಲ್ಲ ಅಂತ ಅದರ ಅರ್ಥ. ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ‘ನಂದೇ ತಪ್ಪು’ ಅಂತ ಕೂತಿದ್ದರು. ತಪ್ಪು ನಮ್ಮದು.

ಮುಂದಿನ ವರ್ಷ ತಂಗಿ ಬಸುರಿ ಆದಳು. ಹೊಸದಾಗಿ ಡಿಎಸ್-160, ಅಂದರೆ ವೀಸಾ ಅರ್ಜಿ ಫಾರಂ, ತುಂಬಿದೆವು. ಹಳೇ ಶುಲ್ಕ ವಾಪಸ್ ಬರಲ್ಲ, ಮತ್ತೆ ಕಟ್ಟಬೇಕು. ಅಷ್ಟರಲ್ಲಿ 160 ಡಾಲರ್ ಇದ್ದದ್ದು 185 ಆಗಿತ್ತು. ಹಿಂದೆ ವೀಸಾ ನಿರಾಕರಿಸಿದ್ದಾರಾ ಅನ್ನುವ ಪ್ರಶ್ನೆಗೆ ‘ಹೌದು’ ಅಂತಲೇ ಬರೆದೆವು. ಈ ಸಲ ಅಮ್ಮನಿಗೆ ನಾನು ಹೇಳಿದ್ದು ಒಂದೇ: ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಇದ್ದದ್ದು ಇದ್ದ ಹಾಗೆ ಹೇಳು.

ಯಾಕೆ ಹೋಗ್ತಿದ್ದೀರಿ ಅಂದಾಗ ‘ಮಗಳ ಹೆರಿಗೆ, ಕೂಸಿಗೆ ಎಣ್ಣೆ ನೀರು ಹಾಕಬೇಕು’ ಅಂದರಂತೆ. ಪಕ್ಕದಲ್ಲಿದ್ದ ಕನ್ನಡ ಬಲ್ಲ ಹೆಂಗಸು ನಕ್ಕು ಆಫೀಸರ್‌ಗೆ ಹೇಳಿದರಂತೆ. ಎಷ್ಟು ದಿನ ಅಂದದ್ದಕ್ಕೆ ‘ಮನೆಯವರಿಗೆ ಸಕ್ಕರೆ ಕಾಯಿಲೆ, ಮೂರು ತಿಂಗಳು ಬಿಟ್ಟಿರೋದೇ ಜಾಸ್ತಿ’. ಖರ್ಚು ಯಾರದು? ಅಳಿಯಂದು. ಮುಗಿಯಿತು. ನಿಮ್ಮ ಅಮ್ಮನಿಗೂ ಅಡಿಕೆ ಕೊಯ್ಲು, ಅಪ್ಪ ಊರಲ್ಲೇ ಇರುವುದು ಎಲ್ಲ ಇದೆಯಲ್ಲ. ಇದಕ್ಕಿಂತ ಒಳ್ಳೆ ಉತ್ತರ ಯಾವ ಏಜೆಂಟ್ ಬರೆದುಕೊಡುತ್ತಾನೆ?

ಪಹಣಿ ಫೈಲಿನಲ್ಲಿರಲಿ, ನಷ್ಟವಿಲ್ಲ. ನಮ್ಮ ಕಟ್ಟಿನಲ್ಲಿ ಒಂದು ಹಾಳೆಯನ್ನೂ ನೋಡಲಿಲ್ಲ. ಬೆಂಗಳೂರಿನ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಆದರೆ ವೀಸಾ ಕೆಲಸ ತಕ್ಷಣ ಶುರುವಾಗಲ್ಲ ಅಂತ ಅಂದೇ ಹೇಳಿದ್ದರು. ನಾವು ಎರಡು ಸಲವೂ ಹೋದದ್ದು ಚೆನ್ನೈಗೆ, ಜೆಮಿನಿ ಫ್ಲೈಓವರ್ ಪಕ್ಕ. ಬೆರಳಚ್ಚು, ಫೋಟೋ ಬೇರೆ ಕಡೆ, ಬೇರೆ ದಿನ. ಮೊಬೈಲ್ ಒಳಗೆ ಬಿಡಲ್ಲ, ನಿಮ್ಮನ್ನೂ ಬಿಡಲ್ಲ. ಹೊರಗೆ ಎಲ್ಲಿ ನಿಂತಿರುತ್ತೀರಿ ಅಂತ ಅಮ್ಮನಿಗೆ ಮೊದಲೇ ತೋರಿಸಿಡಿ. ನಮ್ಮಮ್ಮ ಇನ್ನೊಂದು ಗೇಟಿನಲ್ಲಿ ಬಂದು ಅರ್ಧ ಗಂಟೆ ಹುಡುಕಾಡಿದ್ದೆವು.

ಇನಿಶಿಯಲ್ ಮಾತ್ರ:
ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇದೆಯಾ ನೋಡಿಕೊಳ್ಳಿ. ನಮ್ಮ ಕಡೆ ಎಷ್ಟೋ ಜನಕ್ಕೆ ಆ ಜಾಗ ಖಾಲಿ. ಹಾಗಿದ್ದರೆ ಡಿಎಸ್-160ರಲ್ಲಿ ಇರುವ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದು, ಗಿವನ್ ನೇಮ್ ಜಾಗದಲ್ಲಿ ಎಫ್‌ಎನ್‌ಯು (FNU, ‘ಫಸ್ಟ್ ನೇಮ್ ಅನ್‌ನೋನ್’) ಅಂತ ಹಾಕಬೇಕು. ನನ್ನ ವೀಸಾದಲ್ಲೂ ಹಾಗೇ ಇದೆ. ಅಲ್ಲಿನ ಆಫೀಸಿನಲ್ಲಿ ಆರು ತಿಂಗಳು ನನ್ನನ್ನು ‘ಫ್ನೂ’ ಅಂತ ಕರೆದರು. ಫೋಟೋಗೆ ಕನ್ನಡಕ ತೆಗೆಸಿ.

ಕಡಲತಡಿ:
ಕಲ್ಪತರು ಅವರೇ, ನಿಜ ಹೇಳಿದರೆ ಸಿಕ್ಕೇ ಸಿಗುತ್ತೆ ಅನ್ನಬೇಡಿ. ನನ್ನ ಅಪ್ಪ ನಿವೃತ್ತ ಮೇಷ್ಟರು. ಪೆನ್ಷನ್, ಸ್ವಂತ ಮನೆ, ಎಲ್ಲ ಇದ್ದದ್ದೇ ಹೇಳಿದರು. ಎರಡು ನಿಮಿಷದಲ್ಲಿ ಅದೇ 214(ಬಿ) ಚೀಟಿ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

ಕಲ್ಪತರು ನಾಡಿನವಳು:
ಒಪ್ಪಿದೆ. ಸಿಕ್ಕೇ ಸಿಗುತ್ತೆ ಅಂತ ನಾನೂ ಹೇಳಲ್ಲ. ಆದರೆ ನಿಮ್ಮ ಅಪ್ಪ ಮತ್ತೆ ಅರ್ಜಿ ಹಾಕಬಹುದು, ಅದೇ ಮಾತು ಹೇಳಬಹುದು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅಮೆರಿಕದ ಬಾಗಿಲೇ ಮುಚ್ಚಿಹೋಗಬಹುದು. ಏಜೆಂಟ್ ತುಂಬಿದರೂ ಫಾರಂಗೆ ಜವಾಬ್ದಾರಿ ಅಮ್ಮನದೇ ಅಲ್ವಾ?

ತೋಟದಮನೆ:
ಎಲ್ಲರಿಗೂ ಥ್ಯಾಂಕ್ಸ್. ಹಾಳೆ ಒಲೆಗೆ ಹೋಯಿತು. ಅಮ್ಮ ‘ಸದ್ಯ, ನಂಗೆ ಆ ಊರುಗಳ ಹೆಸರೇ ಹೊರಳ್ತಿರಲಿಲ್ಲ’ ಅಂದರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿಯೇ ಇದೆ, ಒಳ್ಳೆದಾಯಿತು ಹೇಳಿದ್ದು. ಈಗ ಅವರದು ಒಂದೇ ಪ್ರಶ್ನೆ. ಅಂಟಿನುಂಡೆ ತೆಗೆದುಕೊಂಡು ಹೋಗಬಹುದಾ?

ಕಲ್ಪತರು ನಾಡಿನವಳು:
ನಮ್ಮಮ್ಮ ಎರಡು ಡಬ್ಬಿ ಒಯ್ದಿದ್ದರು. ಅಲ್ಲಿ ಇಳಿದಾಗ ತಿನ್ನುವ ಪದಾರ್ಥ ಇದೆ ಅಂತ ಹೇಳಿಬಿಡಬೇಕು. ಆದರೆ ವೀಸಾ ಬರುವ ತನಕ ಅಂಟು ಹುರಿಯೋದು ಬೇಡ ಅನ್ನಿ.