ಪೊವೆಲ್ ಅನ್ನೂ ವೆಲ್ಶ್ ಅಡ್ಡಹೆಸರಿನ ಮೂಲ ಏನ್ರಿ?

ಮಲಪ್ರಭಾ, ಬಾಗಲಕೋಟೆ
ವೇಲ್ಸ್ ಮಂದಿ ಅಡ್ಡಹೆಸರು ನೋಡಿದ್ರ ಪೊವೆಲ್, ಪ್ರೈಸ್, ಪ್ಯಾರಿ, ಪ್ಯೂ, ಎಲ್ಲಾ 'ಪ'ಕಾರಾನ ಐತಿ. ನಮ್ಮಲ್ಲೆ ಬಡಿಗೇರ, ಕಂಬಾರ ಅಂದ್ರ ಕಸುಬು ತಿಳೀತೈತಿ. ಪೊವೆಲ್ ಅಂದ್ರ ಏನು? ಅವರೆಲ್ಲಾ ಒಂದ ಮನೆತನದವರೇನು?

ಗುಮ್ಮಟದೂರು, ವಿಜಯಪುರ
ಆ 'ಪ' ಹೆಸರಿಂದಲ್ಲ, ಮಗ ಅನ್ನೂ ಶಬ್ದದ್ದು. ವೆಲ್ಶ್‌ನಾಗ ಮಗ ಅಂದ್ರ 'ಮಾಬ್'. ಎರಡು ಹೆಸರಿನ ನಡುವ ಅದು ಸವದು 'ಅಪ್' ಆತು, ಸ್ವರದ ಮುಂದ 'ಅಬ್'. ಜಮೀನಿನ ಕಾಗದದಾಗ 'ಬಸಪ್ಪ ಬಿನ್ ಮಲ್ಲಪ್ಪ' ಅಂತ ಬರೀತಾರಲ್ಲ, ಆ ಬಿನ್ ಇದ್ದಂಗ. 'ಅಪ್ ಹವೆಲ್' ಅಂತ ಲಗೂಲಗೂ ನಾಕು ಸಲ ಅಂದು ನೋಡ್ರಿ: ಮುಂದಿನ ಅಕಾರ ಬೀಳ್ತದ, ಹಕಾರ ಕರಗ್ತದ, ಪೊವೆಲ್ ಉಳೀತದ. ಅಪ್ ರೀಸ್ ಪ್ರೈಸ್ ಆದದ್ದು, ಅಪ್ ಹ್ಯಾರಿ ಪ್ಯಾರಿ ಆದದ್ದು ಹಿಂಗ. 'ಅಬ್' ಬಂದಲ್ಲೆ ಬಕಾರ: ಅಬ್ ಓವೈನ್ ಹೋಗಿ ಬೋವೆನ್.

ಹವೆಲ್ ಅಂದ್ರ ಎದ್ದು ಕಾಣಾಂವ. ವೇಲ್ಸಿನ ಹಳೇ ಕಾನೂನು 10ನೇ ಶತಮಾನದ ದೊರೆ ಹವೆಲ್ ಹೆಸರಿನ್ಯಾಗ ಅದಾವ. ಆ ಹೆಸರು ಇಟಗೊಂಡವರು ಬೇಕಾದಷ್ಟು ಮಂದಿ. ಒಬ್ಬೊಬ್ಬ ಹವೆಲ್‌ನ ಮಕ್ಕಳಿಂದ ಒಂದೊಂದು ಪೊವೆಲ್ ಮನಿ, ಹಿಂಗಾಗಿ ಒಂದ ಮನೆತನ ಅಲ್ಲ.

ಕುಂದಾನಗರಿ, ಬೆಳಗಾವಿ
'ಪ' ಇದ್ದದ್ದೆಲ್ಲಾ 'ಅಪ್' ಅಲ್ಲ ಮತ್ತ. ಪಾರ್ಕರ್ ಅಂದ್ರ ಬೇಟೆವನ ಕಾಯಾಂವ.

ವಂಶಾವಳಿ ಹುಡುಕವರು ಎಡವೂದು ಬ್ಯಾರೆ ಕಡೆ. ಹಳೇ ಪದ್ಧತಿಯೊಳಗ ತಲೆಮಾರಿಗೊಮ್ಮೆ ಹೆಸರು ಬದಲಾಗತಿತ್ತು: 'ರೀಸ್ ಅಪ್ ಹವೆಲ್'ನ ಮಗ 'ದಾವಿದ್ ಅಪ್ ರೀಸ್', ಪೊವೆಲ್ ಅಲ್ಲ. 1536ರ ಕಾಯ್ದೆಯಿಂದ ವೇಲ್ಸ್ ಇಂಗ್ಲೆಂಡಿನ ಆಡಳಿತಕ್ಕ ಕೂಡಿಕೊಂಡಿತು. ಇಂಗ್ಲಿಷರಂಗ ಖಾಯಂ ಅಡ್ಡಹೆಸರು ಮೊದಲು ಹಿಡಿದವರು ಉಳ್ಳವರು. ಕೆಲವು ಹಳ್ಳಿಯೊಳಗ 19ನೇ ಶತಮಾನದ ತನಕ ಹಳೇದ ನಡೀತು. 1837ರ ಜುಲೈ 1ರಿಂದ ಸರಕಾರಿ ಜನನ ನೋಂದಣಿ ಸುರು. ಅದರಾಗ ತಾಯಿಯ ತವರುಮನಿ ಅಡ್ಡಹೆಸರೂ ಸಿಗತೈತಿ, ಬರಕೋರಿ. ಅದಕ್ಕಿಂತ ಹಿಂದಿನದು ಚರ್ಚಿನ ವಹಿಯೊಳಗ. ಅಲ್ಲೆ ಅಡ್ಡಹೆಸರು ಬಿಟ್ಟು, ಊರು ಮತ್ತ ತಂದಿ ಹೆಸರು ಹಿಡಿದು ನೋಡ್ರಿ. ಅಬರಿಸ್ಟ್ವಿತ್ ಊರಾಗಿರೂ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದವರು 1858ರ ಹಿಂದಿನ ಮೃತ್ಯುಪತ್ರ ಆನ್‌ಲೈನ್‌ನಾಗ ಪುಕ್ಕಟೆ ಇಟ್ಟಾರ. ಮಕ್ಕಳ ಹೆಸರು ಬರೆದಿದ್ರ, ಅಡ್ಡಹೆಸರು ಯಾವ ತಲೆಮಾರಿಗೆ ನಿಂತಿತು ಅನ್ನೂದು ಅದರಾಗ ಸಿಕ್ಕಬೀಳತೈತಿ.

ಮಲಪ್ರಭಾ
ಲಾಯ್ಡ್, ವಾನ್? ಅವಕ್ಕ 'ಅಪ್'ನೂ ಇಲ್ಲ, ಅಪ್ಪನೂ ಇಲ್ಲ!

ಗುಮ್ಮಟದೂರು
ಅವು ನಮ್ಮ ಉಳ್ಳಾಗಡ್ಡಿ, ಮೆಣಸಿನಕಾಯಿ ಇದ್ದಂಗ, ಮಂದಿ ಕರದು ಕರದು ನಿಂತಂಥವು. ಲಾಯ್ಡ್ ಅಂದ್ರ ಬೂದು ಬಣ್ಣ, ಕೂದಲಾ ನೋಡಿ ಇಟ್ಟದ್ದು. ವಾನ್ ಮೂಲದಾಗ 'ಬಖನ್', ಸಣ್ಣಾಂವ. ಅಪ್ಪ ಮಗಂದು ಒಂದ ಹೆಸರಿದ್ರ ಮಗನಿಗೆ ಹಂಗ ಅಂತಿದ್ರು. ಹೆಸರಿನ ಬೆನ್ನಿಗೆ ಬಂದಾಗ ಬಕಾರ ವಕಾರ ಆಗ್ತದ. 'ಕೋಖ್' ಅಂದ್ರ ಕೆಂಪು. ಅದು 'ಗೋಖ್' ಆಗಿ, ಇಂಗ್ಲಿಷರ ಬಾಯಾಗ ಗಾಫ್ ಆತು. ಮಳೆಗೆ ಕಾಲ ಕೂಡಿ ಮಳೆಗಾಲ ಆಗೂದಿಲ್ಲೇನು, ಅದ ಲೆಕ್ಕ.