ಕೊಂಡಜ್ಜಿ ಗುಡ್ಡ, ಚಂದ್ರವಳ್ಳಿ ಕಡೆಗೆ ಎಂಟಿಬಿ (ಗುಡ್ಡಗಾಡು ಸೈಕಲ್) ಟೈರ್: ಹಿಡಿತವೂ ಬೇಕು, ಬಾಳಿಕೆಯೂ ಬೇಕು

ಪ್ರಶ್ನೆ – ಗರಸುಗಾಲಿ

27.5 ಇಂಚು ಚಕ್ರದ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್), ಕಂಪನಿಯಿಂದಲೇ ಬಂದ 27.5×2.1 ಟೈರ್, ಒಳಗೆ ಟ್ಯೂಬ್. ಸವಾರನ ತೂಕ 75 ಕೆಜಿ. ಓಡಾಟ ದಾವಣಗೆರೆಯಿಂದ ಕೊಂಡಜ್ಜಿ ಗುಡ್ಡದ ಸುತ್ತಿನ ಕಚ್ಚಾ ದಾರಿ, ಆಗಾಗ ಚಿತ್ರದುರ್ಗದ ಚಂದ್ರವಳ್ಳಿ ಕಡೆ. ಅರ್ಧಕ್ಕರ್ಧ ಡಾಂಬರೇ. ಹಿಂದಿನ ಟೈರಿನ ನಡುವಿನ ನಾಬ್‌ಗಳು (ಮೇಲೆದ್ದ ರಬ್ಬರ್ ಗುಬ್ಬಿಗಳು) ಸವೆದು ಚಪ್ಪಟೆ, ಮುಂದಿನದು ತಿರುವಿನಲ್ಲಿ ಜಾರುತ್ತೆ, ಜಾಲಿಮುಳ್ಳಿನ ಪಂಕ್ಚರ್ ಬೇರೆ. ದೊಡ್ಡ ನಾಬ್ ಇರುವ ಟೈರ್ ಎರಡೂ ಕಡೆ ಹಾಕಿದರೆ ಸಾಕಾ?

ಉತ್ತರ – ಕಲ್ಲುದಾರಿ

ಸಾಲದು. ಆ ದಾರಿಗೆ ಅದು ತಪ್ಪು ಆಯ್ಕೆಯೂ ಹೌದು. ಎತ್ತರದ ನಾಬ್ ಮೆತ್ತನೆ ಮಣ್ಣಿಗೆ ಇಳಿದು ಹಿಡಿಯೋಕೆ ಇರೋದು. ದುರ್ಗದ ಕಡೆ ಗಟ್ಟಿ ನೆಲದ ಮೇಲೆ ಹರಳು ಹರಳಾದ ಗರಸು, ನಡುನಡುವೆ ಬರೀ ಬಂಡೆ. ನಾಬ್ ಇಳಿಯೋಕೆ ಜಾಗವೇ ಇಲ್ಲ, ಹಾಗಾಗಿ ಬಂಡೆ ಮೇಲೆ ಅದು ಪಕ್ಕಕ್ಕೆ ಬಾಗುತ್ತೆ. ಬಾಗಿ ಬಾಗಿ ಬುಡದಲ್ಲಿ ಸೀಳು ಬಿಟ್ಟು, ಕೊನೆಗೆ ಕಿತ್ತೇ ಬರುತ್ತೆ. ಡಾಂಬರಿನ ಮೇಲೆ ಸವೆತ ಇನ್ನೂ ಬೇಗ.

ಮುಂದೆ ಒಂದು, ಹಿಂದೆ ಇನ್ನೊಂದು ಅಂತ ಯೋಚಿಸಿ. ಮುಂದಿನ ಚಕ್ರ ಜಾರಿದರೆ ಸೀದಾ ನೆಲಕ್ಕೆ, ಹಿಂದಿನದು ಜಾರಿದರೆ ಸಂಭಾಳಿಸಬಹುದು. ಅದಕ್ಕೆ ಮುಂದೆ ಸ್ವಲ್ಪ ಮೆದು ರಬ್ಬರ್, ಅಂಚಿನಲ್ಲಿ ಗಟ್ಟಿಯಾಗಿ ನಿಲ್ಲುವ ಚೌಕ ನಾಬ್‌ಗಳು. ಹಿಂದೆ ಗಟ್ಟಿ ರಬ್ಬರ್, ನಡುವೆ ಒತ್ತಾಗಿ ಕೂತ ಗಿಡ್ಡ ನಾಬ್‌ಗಳು. ಹೆಚ್ಚು ಭಾರ ಹೊರೋದೂ ಅದೇ, ಪೆಡಲ್ ಬಲ ಬೀಳೋದೂ ಅದರ ಮೇಲೇ. ಈ ಲೆಕ್ಕಕ್ಕೆ ಮುಂದೆ ಶ್ವಾಲ್ಬೆ ನಾಬಿ ನಿಕ್ ಅಥವಾ ಮ್ಯಾಕ್ಸಿಸ್ ಆರ್ಡೆಂಟ್, ಹಿಂದೆ ಸ್ಮಾರ್ಟ್ ಸ್ಯಾಮ್ ಅಥವಾ ಕ್ರಾಸ್‌ಮಾರ್ಕ್ ಥರದ್ದು ಸರಿಹೋಗುತ್ತೆ. ದೊಡ್ಡ ನಾಬಿನ ಮ್ಯಾಕ್ಸಿಸ್ ಮಿನಿಯನ್ ಹಾಕಿಸಿ ಅನ್ನೋರು ಸಿಕ್ಕೇ ಸಿಗ್ತಾರೆ. ಅರ್ಧ ಡಾಂಬರು ತುಳಿಯೋರಿಗೆ ಅದು ದಂಡ.

ಬಾಳಿಕೆಗೆ ನಾಬ್‌ಗಿಂತ ಕೇಸಿಂಗ್ (ರಬ್ಬರಿನ ಒಳಗಿನ ನೂಲಿನ ಪದರ) ಮುಖ್ಯ. ಟಿಪಿಐ (ಇಂಚಿಗೆ ಎಷ್ಟು ನೂಲೆಳೆ) 60 ಅಂದರೆ ದಪ್ಪ ನೂಲು, ತೂಕ ಜಾಸ್ತಿ, ಕೊಯ್ತವನ್ನು ತಡೆಯುತ್ತೆ. 120 ಮೃದು ಮತ್ತು ಹಗುರ, ಆದರೆ ಚೂಪು ಕಲ್ಲಿಗೆ ಬೇಗ ಸೋಲುತ್ತೆ. ಮ್ಯಾಕ್ಸಿಸ್‌ನಲ್ಲಾದರೆ 'ಎಕ್ಸೋ' ಅಂತ ಕೇಳಿ ತಗೊಳ್ಳಿ. ಸೈಡ್‌ವಾಲ್‌ಗೆ (ಟೈರಿನ ಪಕ್ಕದ ಗೋಡೆಗೆ) ಹೆಚ್ಚುವರಿ ಪದರ ಇರುತ್ತೆ. ಅದೇ ಹೆಸರಿನ ಟೈರ್ ಅದಿಲ್ಲದೆಯೂ ಬರುತ್ತೆ, ಅಂಗಡಿಯಲ್ಲಿ ಅಗ್ಗಕ್ಕೆ ಕೊಡೋದು ಸಾಮಾನ್ಯವಾಗಿ ಅದನ್ನೇ.

ಉತ್ತರ – ಬಳ್ಳಾರಿಜಾಲಿ

ಮುಳ್ಳಿನ ವಿಷಯ ಬೇರೆ. ಬಳ್ಳಾರಿ ಜಾಲಿ ಮುಳ್ಳನ್ನು ಯಾವ ಸಾದಾ ಎಂಟಿಬಿ ಟೈರೂ ತಡೆಯಲ್ಲ. ಬೇಸಿಗೆಯಲ್ಲಿ ಹೊಲದ ಬದುವಿನ ಮೇಲೆ ನೆಗ್ಗಿಲು ಮುಳ್ಳೂ ಇರುತ್ತೆ. ಒಳಗೆ ಸೀಲೆಂಟ್ (ತೂತನ್ನು ತಾನೇ ಮುಚ್ಚುವ ದ್ರವ) ಇರಲೇಬೇಕು.

ಪಂಕ್ಚರ್ ಹಾಕಿದ ಮೇಲೆ ಮತ್ತೆ ಅದೇ ಜಾಗದಲ್ಲಿ ಗಾಳಿ ಹೋಗ್ತಿದ್ದರೆ ಮುಳ್ಳಿನ ತುದಿ ಮುರಿದು ಟೈರ್ ಒಳಗೇ ಉಳಿದಿದೆ ಅಂತ ಅರ್ಥ. ಹೊರಗೆ ಕಾಣಲ್ಲ, ಬೆರಳು ಸವರಿದರೆ ಬೆರಳಿಗೇ ಚುಚ್ಚುತ್ತೆ. ಒಂದು ಹತ್ತಿ ಉಂಡೆ ತಗೊಂಡು ಟೈರಿನ ಒಳಮೈ ಸುತ್ತ ನಿಧಾನಕ್ಕೆ ಒರೆಸಿ (ದಾವಣಗೆರೆಯಲ್ಲಿ ಹತ್ತಿಗೇನು ಬರ!). ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತೋ ಅಲ್ಲೇ ತುದಿ ಇದೆ. ಹೊರಗಿನಿಂದ ಎಳೆಯೋಕೆ ಹೋಗಬೇಡಿ, ಒಳಗಿನಿಂದ ಚಿಮಟದಲ್ಲಿ ಹಿಡಿದು ತೆಗೀರಿ.

ಟ್ಯೂಬಿನ ಪಕ್ಕದಲ್ಲಿ ಎರಡು ತೂತು ಜೋಡಿಯಾಗಿದ್ದರೆ ಮಾತ್ರ ಅದು ಮುಳ್ಳಲ್ಲ. ಗಾಳಿ ಕಡಿಮೆಯಾಗಿ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಕಚ್ಚಿದ್ದು.

ಗರಸುಗಾಲಿ

ರಿಮ್ ಮೇಲೆ 584×19 ಅಂತಿದೆ, ಟ್ಯೂಬ್‌ಲೆಸ್ ಅಂತ ಎಲ್ಲೂ ಇಲ್ಲ. ಟೇಪ್ ಸುತ್ತಿ ಟ್ಯೂಬ್‌ಲೆಸ್ ಮಾಡಿಕೊಡ್ತೀವಿ ಅಂತಾರೆ, ಮಾಡಿಸಬಹುದಾ? ಅಗಲ ಎಷ್ಟು ತಗೋಬೇಕು?

ಉತ್ತರ – ಕಲ್ಲುದಾರಿ

ಬೇಡ. ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಬೀಡ್ (ಟೈರಿನ ಒಳ ಅಂಚು) ಕೂರೋಕೆ ಒಂದು ಮೆಟ್ಟಿಲು, ಜಾರದಂತೆ ಸಣ್ಣ ಏಣು ಇರುತ್ತೆ. ನಿಮ್ಮದರಲ್ಲಿ ಅದಿಲ್ಲದಿದ್ದರೆ ತಿರುವಿನಲ್ಲಿ ಒತ್ತಡ ಬಿದ್ದಾಗ ಬೀಡ್ ಜಾರಿ ಗಾಳಿ ಒಂದೇ ಸಲ ಹೋಗುತ್ತೆ.

584 ಅಂದರೆ ರಿಮ್ಮಿನಲ್ಲಿ ಬೀಡ್ ಕೂರುವ ವ್ಯಾಸ ಮಿ.ಮೀ.ನಲ್ಲಿ, 27.5 ಅಂತ ಕರೆಯೋ ಚಕ್ರ ಇದೇ; 19 ಅಂದರೆ ಒಳ ಅಗಲ 19 ಮಿ.ಮೀ. ಇದಕ್ಕೆ 2.25 ಟೈರ್ ಸರಿ, ಸೈಡ್‌ವಾಲ್ ಮೇಲೆ 57-584 (57 ಮಿ.ಮೀ. ಅಗಲ) ಅಂತ ಇರುತ್ತೆ. 2.4 ಹಾಕಿದರೆ ಟೈರ್ ಬಲ್ಬಿನಂತೆ ಉಬ್ಬಿ, ಗಾಳಿ ಇಳಿಸಿದಾಗ ಪಕ್ಕಕ್ಕೆ ಹೊರಳಾಡುತ್ತೆ. ಕೊಳ್ಳುವ ಮೊದಲು ಹಿಂದಿನ ಚಕ್ರದ ಎರಡೂ ಬದಿ ಫ್ರೇಮಿಗೂ ಟೈರಿಗೂ ಎಷ್ಟು ಸಂದು ಇದೆ ನೋಡಿ. ಹೊಸ ಟೈರ್ ಹಾಕಿದ ಮೇಲೂ 6 ಮಿ.ಮೀ. ಉಳಿಯಬೇಕು. ಮಳೆ ಬಿದ್ದ ಎರೆಮಣ್ಣಿಗೆ ಅದೂ ಸಾಲಲ್ಲ. ಮಣ್ಣು ಮೆತ್ತಿಕೊಂಡು ನಾಲ್ಕು ಸುತ್ತು ಆಗೋದ್ರಲ್ಲಿ ಚಕ್ರವೇ ತಿರುಗಲ್ಲ, ಅದಕ್ಕೆ ಯಾವ ಟೈರಿನಲ್ಲೂ ಮದ್ದಿಲ್ಲ.

ಉತ್ತರ – ಬಳ್ಳಾರಿಜಾಲಿ

ಟ್ಯೂಬಿಗೇ ಸೀಲೆಂಟ್ ಹಾಕಿ. ವಾಲ್ವ್ ಕೋರ್ (ವಾಲ್ವ್ ಒಳಗೆ ಗಾಳಿ ತಡೆಯುವ ಭಾಗ) ಬಿಚ್ಚಲು ಬರುವ ಟ್ಯೂಬ್ ಬೇಕು. ಟೈರಿಗೆ ಹೊಂದುವ ಅಳತೆಯದೇ ಇರಲಿ, 1.75ರ ಟ್ಯೂಬನ್ನು 2.25ಕ್ಕೆ ಹಿಗ್ಗಿಸಿದರೆ ರಬ್ಬರ್ ತೆಳುವಾಗಿ ತೂತು ಮುಚ್ಚೋದೇ ಕಷ್ಟ. ಗಾಳಿ ಪೂರ್ತಿ ಬಿಟ್ಟು, ವಾಲ್ವ್ ಗಡಿಯಾರದ ನಾಲ್ಕು ಗಂಟೆ ಜಾಗಕ್ಕೆ ಬರುವ ಹಾಗೆ ಚಕ್ರ ನಿಲ್ಲಿಸಿ ಕೋರ್ ಬಿಚ್ಚಿ, ಒಂದೊಂದಕ್ಕೆ 80–100 ಮಿ.ಲೀ. ಹಾಕಿ. ಗಾಳಿ ತುಂಬಿ ಚಕ್ರವನ್ನು ಒಂದೆರಡು ನಿಮಿಷ ತಿರುಗಿಸಿ. ಟ್ಯೂಬಿಗೆ ಲೇಟೆಕ್ಸ್‌ಗಿಂತ ಗ್ಲೈಕಾಲ್-ನಾರಿನದು ಮೇಲು, ನಮ್ಮ ಬಿಸಿಲಿಗೆ ಲೇಟೆಕ್ಸ್ ಎರಡು ಮೂರು ತಿಂಗಳಲ್ಲೇ ಒಣಗಿ ಗಟ್ಟಿಯಾಗುತ್ತೆ. ಒಂದು ತೊಂದರೆ: ಸೀಲೆಂಟ್ ಇರುವ ಟ್ಯೂಬಿಗೆ ಪ್ಯಾಚ್ ಬೇಗ ಅಂಟಲ್ಲ. ತೂತಿನ ಸುತ್ತ ಚೆನ್ನಾಗಿ ಒರೆಸಿ, ಒಣಗಿಸಿ, ಉಜ್ಜಿದ ಮೇಲೇ ಸೊಲ್ಯೂಷನ್.

ಉತ್ತರ – ಪಿಎಸ್‌ಐ

ಒಳ್ಳೆ ಟೈರ್ ಹಾಕಿ 50 ಪಿಎಸ್‌ಐ ಒತ್ತಡದ ಗಾಳಿ ಹೊಡೆಸಿದರೆ ಎಲ್ಲಾ ವ್ಯರ್ಥ. 75 ಕೆಜಿ, 2.25, ಟ್ಯೂಬ್ ಅಂದರೆ ಮುಂದೆ 27, ಹಿಂದೆ 31ರಿಂದ ಶುರು ಮಾಡಿ ಒಂದೊಂದೇ ಇಳಿಸಿ. ರಿಮ್ಮಿಗೆ ಕಲ್ಲು ತಾಗಿದ 'ಟಣ್' ಸದ್ದು ಬಂತೋ, 2 ಏರಿಸಿ ಅಲ್ಲೇ ನಿಲ್ಲಿಸಿ. ಬಂಕ್ ಮಷಿನ್ ಬೇಡ, ಗೇಜ್ ಇರುವ ಫ್ಲೋರ್ ಪಂಪ್ ಇಟ್ಕೊಳ್ಳಿ. ಬೆಳಿಗ್ಗೆ ತಂಪಿನಲ್ಲಿ ಅಳೆಯಿರಿ. ಟೈರ್ 10 ಡಿಗ್ರಿ ಬಿಸಿಯಾದರೆ ಸುಮಾರು ಒಂದೂವರೆ ಪಿಎಸ್‌ಐ ತಾನೇ ಏರುತ್ತೆ.

ಹಿಂದಿನದು ಸವೆದಾಗ ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದು ಮುಂದಕ್ಕೆ. ಇದನ್ನು ಉಲ್ಟಾ ಮಾಡಬೇಡಿ. ಸೈಡ್‌ವಾಲ್ ಮೇಲಿನ ಬಾಣದ ಗುರುತು ನೋಡಿ, ಕೆಲವು ಟೈರಿಗೆ ಮುಂದೆ-ಹಿಂದೆ ಬೇರೆ ಬೇರೆ ದಿಕ್ಕು ಇರುತ್ತೆ. ಅಂಚಿನ ನಾಬ್ ಬುಡ ಸೀಳಿದ್ದರೆ ಅಥವಾ ಎಲ್ಲಾದರೂ ನೂಲು ಕಂಡರೆ ನಡುವಿನ ನಾಬ್ ಎಷ್ಟೇ ಉಳಿದಿರಲಿ, ಅದನ್ನು ಬಿಚ್ಚಿ ಹಾಕಿ.