ಪದಚರ್ಚೆ: ‘ಸ್ಟೇರಿಂಗ್ ನೇರ ಮಾಡುವುದು’, ‘ಅಲೈನ್‌ಮೆಂಟ್’ – ಎರಡೂ ಒಂದೇ ಅರ್ಥವೇ?

ಪ್ರಶ್ನೆ

ನಮಸ್ಕಾರ. ಫೋರ್ ವೀಲ್ ಡ್ರೈವ್ ಗಾಡಿಗಳ ಕೈಪಿಡಿಯೊಂದರ ಕನ್ನಡ ಕರಡು ತಿದ್ದುತ್ತಿದ್ದೇನೆ. ಲಿಫ್ಟ್ ಕಿಟ್ ಹಾಕಿ ಸಸ್ಪೆನ್ಶನ್ ಎತ್ತರಿಸಿದ ಮೇಲೆ ಏನೇನು ಹೊಂದಿಸಬೇಕು ಎಂಬ ಅಧ್ಯಾಯದಲ್ಲಿ ಮೂರು ತೊಡಕುಗಳಿವೆ. ಮುಂದಿನ ಎರಡೂ ಚಕ್ರಗಳನ್ನು ಒಂದೇ ಹೌಸಿಂಗ್ ಜೋಡಿಸಿರುವ, ಅಂದರೆ ರಿಜಿಡ್ ಆಕ್ಸಲ್ ಇರುವ ಗಾಡಿಗಳ ಮಾತು ಇದು.

ಮೊದಲನೆಯದು, ಕರಡಿನಲ್ಲಿ ಕ್ಯಾಸ್ಟರ್‌ಗೆ ‘ಉರುಳುಗಾಲಿ ಕೋನ’ ಎಂದೂ ಟೋ ಇನ್‌ಗೆ (ಮುಂದಿನ ಎರಡೂ ಚಕ್ರಗಳ ಮುಂಭಾಗ ತುಸು ಒಳಕ್ಕೆ ತಿರುಗಿರುವುದಕ್ಕೆ) ‘ಒಳಬೆರಳು’ ಎಂದೂ ಇದೆ. ನಿಘಂಟು ನೋಡಿ ಹಾಕಿದ್ದು ಎಂದು ಕಾಣುತ್ತದೆ. ‘ಒಳಮೊಗ’, ‘ಹೊರಮೊಗ’ ಎಂದರೆ ಹೇಗೆ?

ಎರಡನೆಯದು, ಟೈ ರಾಡ್ ತಿರುಗಿಸುವ ಕಡೆಯೂ ಡ್ರ್ಯಾಗ್ ಲಿಂಕ್ ತಿರುಗಿಸುವ ಕಡೆಯೂ ‘ಅಲೈನ್‌ಮೆಂಟ್ ಮಾಡಿ’ ಎಂಬ ಒಂದೇ ಮಾತಿದೆ. ಗ್ಯಾರೇಜಿನಲ್ಲಿ ಹಾಗೇ ಅನ್ನುತ್ತಾರೆ ನಿಜ. ಬರಹದಲ್ಲಿ ಇದು ಸಾಕೆ?

ಮೂರನೆಯದು, ಗಾಡಿ ದಾರಿ ಹಿಡಿಯದೆ ಅತ್ತಿತ್ತ ಸರಿಯುವುದಕ್ಕೂ, ಚಕ್ರಗಳು ಇದ್ದಕ್ಕಿದ್ದಂತೆ ಜೋರಾಗಿ ಅದುರುವುದಕ್ಕೂ ‘ಅಲುಗಾಟ’ ಎಂದೇ ಬರೆದಿದ್ದಾರೆ. ಅದುರುವುದಕ್ಕೆ (ಇಂಗ್ಲಿಷಿನ ‘ಡೆತ್ ವಾಬಲ್’) ಒಂದು ಕಡೆ ‘ಸಾವಿನ ನಡುಕ’ ಎಂದೂ ಇದೆ. ಬಲ್ಲವರು ತಿಳಿಸಬೇಕು.

ಉತ್ತರ

ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪದ ತಪ್ಪಿದರೆ ಕೆಲಸವೇ ತಪ್ಪುವ ಜಾಗ ಅದು.

ಟೈ ರಾಡ್ ಎಡ ಚಕ್ರವನ್ನೂ ಬಲ ಚಕ್ರವನ್ನೂ ಕೂಡಿಸುತ್ತದೆ. ಅದರ ಉದ್ದ ಬದಲಾದರೆ ಚಕ್ರಗಳು ಒಂದಕ್ಕೊಂದು ನಿಂತ ಕೋನ, ಅಂದರೆ ಟೋ, ಬದಲಾಗುತ್ತದೆ. ಡ್ರ್ಯಾಗ್ ಲಿಂಕ್ ಸ್ಟೇರಿಂಗ್ ಬಾಕ್ಸಿನ ಪಿಟ್‌ಮನ್ ಆರ್ಮ್‌ನಿಂದ (ಬಾಕ್ಸಿನಿಂದ ಹೊರಬಂದು ಅತ್ತಿತ್ತ ಆಡುವ ತೋಳು) ಒಂದು ಚಕ್ರದ ನಕಲ್‌ಗೆ (ಚಕ್ರವನ್ನು ಹೊತ್ತು ಅದರೊಂದಿಗೆ ಎಡಬಲಕ್ಕೆ ತಿರುಗುವ ಭಾಗ) ಹೋಗುತ್ತದೆ. ಅದರ ಉದ್ದ ಬದಲಿಸಿದರೆ ಚಕ್ರಗಳ ನಡುವಿನ ಕೋನ ಹಾಗೇ ಉಳಿದು, ನೇರ ಓಡುವಾಗ ಸ್ಟೇರಿಂಗ್ ವೀಲ್ ಎಲ್ಲಿ ನಿಲ್ಲುತ್ತದೆ ಎನ್ನುವುದಷ್ಟೇ ಬದಲಾಗುತ್ತದೆ. ಹಾಗಾಗಿ ಮೊದಲನೆಯದಕ್ಕೆ ‘ಟೋ ಹೊಂದಿಸುವುದು’, ಎರಡನೆಯದಕ್ಕೆ ‘ಸ್ಟೇರಿಂಗ್ ನೇರ ಮಾಡುವುದು’ ಎಂದು ಬೇರೆ ಬೇರೆಯಾಗಿಯೇ ಬರೆಯಿರಿ. ‘ಅಲೈನ್‌ಮೆಂಟ್’ ಇಡೀ ಅಧ್ಯಾಯದ ತಲೆಬರಹಕ್ಕೆ ಇರಲಿ. ಒಂದು ಎಚ್ಚರಿಕೆ ಮಾತ್ರ ಸೇರಿಸಿ: ಕೆಲವು ಹಳೆಯ ಜೀಪುಗಳಲ್ಲಿ ಟೈ ರಾಡಿನ ಒಂದು ತುದಿ ನಕಲ್‌ಗೆ ಹೋಗದೆ ಡ್ರ್ಯಾಗ್ ಲಿಂಕ್‌ಗೇ ಕೂತಿರುತ್ತದೆ. ಅಂಥ ಜೋಡಣೆಯಲ್ಲಿ ಸ್ಟೇರಿಂಗ್ ನೇರ ಮಾಡಿದರೆ ಟೋ ಕೂಡ ಕದಲುತ್ತದೆ, ಮತ್ತೆ ಅಳೆಯಬೇಕು.

ಲಿಫ್ಟ್ ಆದ ಮೇಲೆ ಸ್ಟೇರಿಂಗ್ ಯಾಕೆ ಸೊಟ್ಟಗಾಗುತ್ತದೆ ಎನ್ನುವುದನ್ನೂ ಕೈಪಿಡಿ ಬಿಡಿಸಿ ಹೇಳಬೇಕು. ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿದಿರುವುದು ಟ್ರ್ಯಾಕ್ ಬಾರ್. ಇದನ್ನೇ ಪ್ಯಾನ್‌ಹಾರ್ಡ್ ರಾಡ್ ಅನ್ನುವವರೂ ಇದ್ದಾರೆ, ಕೈಪಿಡಿಯಲ್ಲಿ ಯಾವುದಾದರೂ ಒಂದೇ ಹೆಸರಿರಲಿ. ಅದರ ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. 800 ಮಿ.ಮೀ. ಉದ್ದದ ಬಾರ್‌ನ ಎರಡು ತುದಿಗಳ ಎತ್ತರದ ವ್ಯತ್ಯಾಸ ಮೊದಲು 50 ಮಿ.ಮೀ. ಇತ್ತು ಅನ್ನಿ. ಗಾಡಿಯನ್ನು 75 ಮಿ.ಮೀ. ಎತ್ತರಿಸಿದರೆ ಅದು 125 ಆಗುತ್ತದೆ. ಬಾರ್ ಹೆಚ್ಚು ಓರೆಯಾದಷ್ಟು ಅದರ ಅಡ್ಡಳತೆ ಕಡಿಮೆ: 798.4 ಇದ್ದದ್ದು 790.2ಕ್ಕೆ ಇಳಿಯುತ್ತದೆ. ಅಂದರೆ ಚಾಸಿಗೆ ಬಾರ್ ಸಿಕ್ಕಿಸಿರುವ ಬದಿಗೆ ಆಕ್ಸಲ್ 8 ಮಿ.ಮೀ. ಸರಿಯುತ್ತದೆ. ಒಂದು ಬದಿಯ ಟೈರ್ ಫೆಂಡರಿನಿಂದ ಹೊರಗೆ, ಇನ್ನೊಂದು ಒಳಗೆ ಕಾಣುವುದು ಇದರಿಂದಲೇ.

ಡ್ರ್ಯಾಗ್ ಲಿಂಕ್ ಕೂಡ ಹೆಚ್ಚುಕಡಿಮೆ ಅದೇ ಓರೆಯಲ್ಲಿ ಇರುವುದರಿಂದ ಅದೂ ಸುಮಾರಾಗಿ ಅಷ್ಟೇ ಸರಿಯುತ್ತದೆ. ಆದ್ದರಿಂದ ಲಿಫ್ಟ್ ಆದ ಕೂಡಲೇ ಸ್ಟೇರಿಂಗ್ ತೀರಾ ಸೊಟ್ಟಗಾಗದೆ ಇರಬಹುದು. ಉದ್ದ ಹೊಂದಿಸಬಹುದಾದ ಟ್ರ್ಯಾಕ್ ಬಾರ್ ಹಾಕಿ ಆಕ್ಸಲ್ಲನ್ನು ನಡುವಿಗೆ ತಂದಾಗ ಆ 8 ಮಿ.ಮೀ. ಪೂರ್ತಿಯಾಗಿ ಸ್ಟೇರಿಂಗ್ ಮೇಲೆ ಬೀಳುತ್ತದೆ. ನಕಲ್‌ನ ತೋಳು 160 ಮಿ.ಮೀ. ಇದ್ದರೆ ಚಕ್ರ 3 ಡಿಗ್ರಿಯಷ್ಟು ತಿರುಗಿದಂತೆ. ಸ್ಟೇರಿಂಗ್ ಅನುಪಾತ 16 ಇದ್ದರೆ ಕೈಯಲ್ಲಿರುವ ಸ್ಟೇರಿಂಗ್ ವೀಲ್ 45 ಡಿಗ್ರಿ ವಾಲುತ್ತದೆ. ಅದಕ್ಕೇ ಕ್ರಮ ಮುಖ್ಯ: ಮೊದಲು ಟ್ರ್ಯಾಕ್ ಬಾರ್, ಆಮೇಲೆ ಕ್ಯಾಸ್ಟರ್, ಆಮೇಲೆ ಟೋ, ಕೊನೆಗೆ ಡ್ರ್ಯಾಗ್ ಲಿಂಕ್. ಸ್ಟೇರಿಂಗ್ ವೀಲನ್ನೇ ಕಳಚಿ ನೇರಕ್ಕೆ ಕೂರಿಸುವುದು ಪರಿಹಾರವಲ್ಲ. ಬಾಕ್ಸ್ ನಡುಬಿಂದುವಿನಲ್ಲಿ ಇರುವುದಿಲ್ಲ, ಒಂದು ಕಡೆಗೆ ತಿರುವು ಕಡಿಮೆಯಾಗುತ್ತದೆ. ಸ್ಟೆಬಿಲಿಟಿ ಕಂಟ್ರೋಲ್ ಇರುವ ಗಾಡಿಯಲ್ಲಂತೂ ಸ್ಟೇರಿಂಗ್ ಕೋನದ ಸೆನ್ಸರ್ ತಪ್ಪು ಓದಿ, ನೇರ ರಸ್ತೆಯಲ್ಲೇ ಬ್ರೇಕ್ ಹಿಡಿಯಬಹುದು.

ಇನ್ನು ಕೋನಗಳ ಹೆಸರು. ‘ಉರುಳುಗಾಲಿ’ ಕುರ್ಚಿಯ ಕಾಲಿಗೆ ಹಾಕುವ ಗಾಲಿ. ಇಲ್ಲಿ ಅದನ್ನು ತಂದರೆ ಓದುವವನು ಯಾವ ಗಾಲಿ ಎಂದು ಹುಡುಕಿಕೊಂಡು ಹೋಗುತ್ತಾನೆ. ಕ್ಯಾಸ್ಟರ್, ಕ್ಯಾಂಬರ್, ಟೋ ಹಾಗೇ ಇರಲಿ. ಅಲೈನ್‌ಮೆಂಟ್ ಯಂತ್ರದ ಚೀಟಿಯಲ್ಲೂ ಅವೇ ಬರುತ್ತವೆ. ಮೊದಲ ಬಳಕೆಯಲ್ಲಿ ವಿವರಣೆ ಕೊಟ್ಟರೆ ಸಾಕು: ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಎಡಬಲಕ್ಕೆ ತಿರುಗುವ ಅಚ್ಚುಗೆರೆ ಪಕ್ಕದಿಂದ ನೋಡಿದಾಗ ಸೈಕಲ್ಲಿನ ಫೋರ್ಕ್‌ನಂತೆ ಮೇಲ್ತುದಿಯಲ್ಲಿ ಹಿಂದಕ್ಕೆ ಎಷ್ಟು ವಾಲಿದೆ ಎನ್ನುವುದು ಕ್ಯಾಸ್ಟರ್; ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಎಷ್ಟು ವಾಲಿದೆ ಎನ್ನುವುದು ಕ್ಯಾಂಬರ್. ‘ಒಳಮೊಗ’, ‘ಹೊರಮೊಗ’ ನನಗೂ ಹಿಡಿಸಿದವು. ವಿವರಣೆಯಲ್ಲಿ ಬಳಸಿ, ಅಳತೆ ಕೊಡುವ ಕಡೆ ‘ಟೋ ಇನ್ 2 ಮಿ.ಮೀ.’ ಎಂದೇ ಬರೆಯಿರಿ.

ಟೋ ಹೊಂದಿಸುವ ಕಡೆ ‘ಸ್ವಲ್ಪ ತಿರುಗಿಸಿ’ ಎಂದಿದ್ದರೆ ತೆಗೆದು ಲೆಕ್ಕ ಕೊಡಿ. ಟೈರಿನ ವ್ಯಾಸ 800 ಮಿ.ಮೀ., ನಕಲ್ ತೋಳು 160 ಮಿ.ಮೀ. ಇದ್ದರೆ ಟೈ ರಾಡ್ 1 ಮಿ.ಮೀ. ಉದ್ದವಾದರೆ ಟೋ (ಎರಡು ಟೈರುಗಳ ನಡುವೆ ಮುಂದಿನ ಅಂತರಕ್ಕೂ ಹಿಂದಿನ ಅಂತರಕ್ಕೂ ಇರುವ ವ್ಯತ್ಯಾಸ) 5 ಮಿ.ಮೀ. ಬದಲಾಗುತ್ತದೆ. ಒಂದು ತುದಿಗೆ ಎಡ ಮರೆ (ತ್ರೆಡ್), ಇನ್ನೊಂದಕ್ಕೆ ಬಲ ಮರೆ, ಪಿಚ್ (ಒಂದು ಮರೆಯಿಂದ ಮುಂದಿನದಕ್ಕೆ ಇರುವ ದೂರ) 1.5 ಮಿ.ಮೀ. ಎಂದಾದರೆ ಪೂರ್ತಿ ಒಂದು ಸುತ್ತಿಗೆ ರಾಡ್ 3 ಮಿ.ಮೀ. ಬದಲಾಗಿ ಟೋ 15 ಮಿ.ಮೀ. ಓಡುತ್ತದೆ. ಕಾಲು ಸುತ್ತೇ ಬಹಳ. ಟೈ ರಾಡ್ ಆಕ್ಸಲ್ ಹಿಂದಿದ್ದರೆ ಉದ್ದ ಮಾಡಿದಾಗ ಟೋ ಇನ್ ಹೆಚ್ಚುತ್ತದೆ, ಮುಂದಿದ್ದರೆ ತಿರುಗುಮುರುಗು.

ಮೂರನೆಯದಕ್ಕೆ ‘ಅಲುಗಾಟ’ ಬೇಡವೇ ಬೇಡ. ದೂರುಗಳು ಬೇರೆ, ಕಾರಣಗಳೂ ಬೇರೆ. ಗಾಡಿ ಒಂದೇ ಬದಿಗೆ ಹೋದರೆ ‘ಎಳೆತ’. ದಾರಿ ಹಿಡಿಯದೆ ಅತ್ತಿತ್ತ ಸರಿದರೆ, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ಮರಳದಿದ್ದರೆ ‘ತೇಲಾಟ’. ಲಿಫ್ಟ್ ಆದ ಗಾಡಿಯಲ್ಲಿ ಇದಕ್ಕೆ ಮೊದಲು ಶಂಕಿಸಬೇಕಾದ್ದು ಕ್ಯಾಸ್ಟರ್ ಕಡಿಮೆಯಾಗಿರುವುದನ್ನು. ಗುಂಡಿ ಹಾರಿದೊಡನೆ ಚಕ್ರಗಳು ನಿಲ್ಲದೆ ಕುಣಿದರೆ ‘ಅದುರಾಟ’. ‘ಸಾವಿನ ನಡುಕ’ ಎಂದರೆ ಕೊನೆಯುಸಿರಿನ ರೋಗಿ ಕಣ್ಣ ಮುಂದೆ ಬರುತ್ತಾನೆ! ಅದುರಾಟಕ್ಕೆ ಟ್ರ್ಯಾಕ್ ಬಾರ್‌ನ ಬೋಲ್ಟ್ ಸಡಿಲವಾಗಿರುವುದು, ಬೋಲ್ಟಿನ ತೂತು ಅಗಲವಾಗಿರುವುದು, ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳಲ್ಲಿ ಪ್ಲೇ (ಸವೆದು ಸಡಿಲ) ಬಂದಿರುವುದು ನೋಡಬೇಕು. ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೇರಿಂಗ್ ಅತ್ತಿತ್ತ ಆಡಿಸಿದರೆ, ಕೆಳಗೆ ಕೂತವರಿಗೆ ಯಾವ ಜಾಯಿಂಟ್ ಆಡುತ್ತಿದೆ ಎಂದು ಕಾಣುತ್ತದೆ. ಹೊಸ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್‌ನ ಅದುರು ತಗ್ಗಿಸುವ ಶಾಕ್ ಅಬ್ಸಾರ್ಬರ್) ಹಾಕಿದರೆ ಅದುರಾಟ ಕೆಲಕಾಲ ಅಡಗುತ್ತದೆ, ಸಡಿಲ ಬೋಲ್ಟ್ ಹಾಗೇ ಇರುತ್ತದೆ.

ಇನ್ನೊಂದು ಉತ್ತರ

ಮೇಲಿನದಕ್ಕೆ ಒಪ್ಪಿಗೆಯಿದೆ, ಮೂರು ಸೇರ್ಪಡೆ.

‘ಕ್ಯಾಸ್ಟರ್ ಹೆಚ್ಚಿಸಿ’ ಎಂದಷ್ಟೇ ಬರೆದರೆ ಅಪೂರ್ಣ. ರಿಜಿಡ್ ಆಕ್ಸಲ್‌ನಲ್ಲಿ ಕ್ಯಾಸ್ಟರ್ ಹೆಚ್ಚಿಸುವುದೆಂದರೆ ಇಡೀ ಹೌಸಿಂಗನ್ನು ಹಿಂದಕ್ಕೆ ಉರುಳಿಸುವುದು. ಆಗ ಮುಂದಿನ ಡಿಫರೆನ್ಶಿಯಲ್‌ನ ಪಿನಿಯನ್ (ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಹಲ್ಲುಗಾಲಿ) ಮೂತಿ ಕೆಳಕ್ಕೆ ಬಾಗಿ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಹೆಚ್ಚು ಮುರಿದು ಕೂರುತ್ತದೆ, ವೇಗದಲ್ಲಿ ಕಂಪನ ಬರುತ್ತದೆ. ‘ಪಿನಿಯನ್ ಕೋನ ನೋಡಿಕೊಂಡು’ ಎಂಬ ಮಾತು ಬೇಕೇ ಬೇಕು. ಉಪಾಯವೂ ಗಾಡಿಗೆ ತಕ್ಕಂತೆ ಬೇರೆ: ರ‍್ಯಾಂಗ್ಲರ್‌ನಂಥವಕ್ಕೆ ಉದ್ದ ಹೊಂದಿಸುವ ಕಂಟ್ರೋಲ್ ಆರ್ಮ್ (ಆಕ್ಸಲ್ ಹಿಂದೆಮುಂದೆ ಸರಿಯದಂತೆ ಚಾಸಿಗೆ ಕಟ್ಟುವ ತೋಳು), ಜಿಮ್ನಿಯಂಥ ರೇಡಿಯಸ್ ಆರ್ಮ್ ಗಾಡಿಗಳಿಗೆ ತೂತು ನಡುವಿನಿಂದ ಸರಿದಿರುವ ಬುಷ್ ಅಥವಾ ಕ್ಯಾಸ್ಟರ್ ಪ್ಲೇಟ್. ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಶನ್ (ಪ್ರತಿ ಚಕ್ರವೂ ಬೇರೆಯಾಗಿ ಏರಿಳಿಯುವಂಥದು) ಇದ್ದರೆ ಎತ್ತರಿಸಿದೊಡನೆ ಕ್ಯಾಂಬರ್, ಟೋ ಎರಡೂ ಕದಲುತ್ತವೆ. ಆ ಗಾಡಿಗಳನ್ನು ಈ ಅಧ್ಯಾಯದಲ್ಲಿ ಬೆರೆಸಬೇಡಿ.

ಪಿಟ್‌ಮನ್ ಆರ್ಮ್ ಮಾತ್ರ ಕೆಳಕ್ಕಿಳಿಸಿ ಟ್ರ್ಯಾಕ್ ಬಾರ್ ಹಾಗೇ ಬಿಟ್ಟರೆ ಅದೂ ಡ್ರ್ಯಾಗ್ ಲಿಂಕೂ ಸಮಾನಾಂತರ ತಪ್ಪುತ್ತವೆ. ಆಗ ಉಬ್ಬು ಹತ್ತುವಾಗ ಗಾಡಿ ತಾನೇ ತಿರುಗುತ್ತದೆ. ಬಂಪ್ ಸ್ಟಿಯರ್ ಎನ್ನುವುದು ಇದಕ್ಕೇ. ‘ಉಬ್ಬುತಿರುವು’ ಅಂದರೆ ರಸ್ತೆಯ ತಿರುವು ಅಂದುಕೊಳ್ಳುತ್ತಾರೆ, ‘ತಾನೇ ತಿರುಗುವಿಕೆ’ ವಾಸಿ.

ಕರಡಿನಲ್ಲಿ ರೈಡ್ ಹೈಟ್‌ಗೆ ‘ಸವಾರಿ ಎತ್ತರ’ ಎಂದಿದ್ದರೆ ‘ನಿಂತ ಎತ್ತರ’ ಎಂದು ತಿದ್ದಿ. ಗಾಡಿ ಚಕ್ರಗಳ ಮೇಲೆ ಪೂರ್ತಿ ಭಾರ ಬಿಟ್ಟು ನಿಂತಾಗಿನ ಎತ್ತರ ಅದು. ಕಂಟ್ರೋಲ್ ಆರ್ಮ್ ಮತ್ತು ಟ್ರ್ಯಾಕ್ ಬಾರ್‌ನ ರಬ್ಬರ್ ಬುಷ್ ಬೋಲ್ಟುಗಳನ್ನು ಕೊನೆಯ ಬಿಗಿ ಕೊಡಬೇಕಾದ್ದು ಆ ಎತ್ತರದಲ್ಲೇ. ಜಾಕ್ ಮೇಲೆ, ಚಕ್ರ ಜೋತಾಡುವಾಗ ಬಿಗಿದರೆ ಗಾಡಿ ಇಳಿಸಿದೊಡನೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.